ವಂಶನಕ್ಷೆ ಬರೆಯುವುದು ಹೇಗೆ, ಅದರಲ್ಲಿ ಸಿದ್ಧಾಂತ ಓದುವುದು ಹೇಗೆ

ಮಾನವಶಾಸ್ತ್ರದಲ್ಲಿ ಬಂಧುತ್ವದ ಅಧ್ಯಾಯವನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಬಹುದು. ಆದರೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಗೆರೆಯನ್ನು ಹಿಡಿಯುವ ವಂಶ ಸಿದ್ಧಾಂತ ಯಾವುದನ್ನು ನೋಡುತ್ತದೆ, ಮದುವೆಯಿಂದ ಬೆಸೆಯುವ ಗುಂಪುಗಳನ್ನು ಹಿಡಿಯುವ ಮೈತ್ರಿ ಸಿದ್ಧಾಂತ ಯಾವುದನ್ನು ನೋಡುತ್ತದೆ ಎಂಬುದು ಕೈಯಾರೆ ಒಂದು ನಕ್ಷೆ ಬರೆದಾಗಲೇ ತಿಳಿಯುವುದು. ತಪ್ಪುಗಳೂ ಬಹುಪಾಲು ಅಲ್ಲಿಯೇ ಹುಟ್ಟುತ್ತವೆ. ಹೆತ್ತವರು ಯಾರು, ಮದುವೆ ಯಾರೊಂದಿಗೆ, ಕರೆಯುವುದು ಏನೆಂದು, ವಾಸ ಎಲ್ಲಿ ಎಂಬ ನಾಲ್ಕು ಮಾಹಿತಿಗಳನ್ನು ಒಂದೇ ಗೆರೆಯೊಳಗೆ ತುರುಕಿದರೆ ಆಮೇಲೆ ಯಾವ ಸಿದ್ಧಾಂತವೂ ಅವನ್ನು ಬಿಡಿಸಿಕೊಡಲಾರದು.

ವಂಶನಕ್ಷೆಯ ಈ ವಿಧಾನವನ್ನು ರೂಪಿಸಿದವರು ಬ್ರಿಟಿಷ್ ಮಾನವಶಾಸ್ತ್ರಜ್ಞ ಡಬ್ಲ್ಯು. ಎಚ್. ಆರ್. ರಿವರ್ಸ್. 1898ರಲ್ಲಿ ಹ್ಯಾಡನ್ ನೇತೃತ್ವದಲ್ಲಿ, ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ನಡುವಿನ ಟಾರಸ್ ಜಲಸಂಧಿಗೆ ಹೊರಟ ಸಂಶೋಧನಾ ತಂಡದೊಂದಿಗೆ ಹೋದ ಅವರು ದ್ವೀಪವಾಸಿಗಳ ವಂಶಾವಳಿಗಳನ್ನು ಬರೆದುಕೊಳ್ಳತೊಡಗಿದರು. 1910ರಲ್ಲಿ ವಿಧಾನವನ್ನು ಲೇಖನವಾಗಿ ವಿವರಿಸಿದರು. ಅವರ ಜಾಣತನ ಇದ್ದದ್ದು ಪ್ರಶ್ನೆಗಳ ಮಿತಿಯಲ್ಲಿ. ತಂದೆ, ತಾಯಿ, ಮಗು, ಗಂಡ, ಹೆಂಡತಿ: ಇಷ್ಟೇ ಪದಗಳನ್ನು ಬಳಸಿ ಇಡೀ ಜಾಲವನ್ನು ಕೆದಕುತ್ತಿದ್ದರು. ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೊದಲು ಚಿಹ್ನೆಗಳು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಲಿಂಗ ತಿಳಿಯದಿದ್ದರೆ ಚೌಕ. ಮದುವೆಗೆ ಸಮ ಚಿಹ್ನೆ, ವಿಚ್ಛೇದನವಾಗಿದ್ದರೆ ಅದರ ಮೇಲೊಂದು ಗೀಟು. ಸತ್ತವರ ಗುರುತಿನ ಮೇಲೆ ಓರೆಗೆರೆ. ಯಾರಿಂದ ನೋಡುತ್ತಿದ್ದೇವೋ ಆ ವ್ಯಕ್ತಿ ‘ಈಗೊ’. ಅವರ ಗುರುತಿಗೆ ಬಣ್ಣ ತುಂಬಿ. ಒಡಹುಟ್ಟಿದವರನ್ನು ಹುಟ್ಟಿದ ಕ್ರಮದಲ್ಲಿ ಎಡದಿಂದ ಬಲಕ್ಕೆ ಬರೆಯಿರಿ. ಎ3 ಹಾಳೆಯನ್ನು ಅಡ್ಡ ಹಿಡಿದು ಈಗೊವನ್ನು ನಡುವೆ ಇಟ್ಟರೆ ಮೇಲೆ ಎರಡು, ಕೆಳಗೆ ಎರಡು ತಲೆಮಾರು ಸಲೀಸಾಗಿ ಹಿಡಿಯುತ್ತವೆ. ಪೆನ್ಸಿಲ್‌ನಲ್ಲೇ ಬರೆಯಿರಿ. ಹಾಳೆಯ ಮೇಲೆ ಹೆಸರು ಬೇಡ, ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟು ಹೆಸರುಗಳನ್ನು ಬೇರೆ ಪುಸ್ತಕದಲ್ಲಿಡಿ. ಗುಟ್ಟು ಉಳಿಯುವುದಷ್ಟೇ ಅಲ್ಲ, ಸತ್ತವರ ಹೆಸರು ಹೇಳಬಾರದೆಂಬ ಕಟ್ಟಳೆ ಇರುವ ಸಮಾಜಗಳಲ್ಲಿ ಸಂಖ್ಯೆಯೊಂದೇ ಆಧಾರ.

ಸಂಬಂಧಗಳನ್ನು ಬರೆಯಲು ಸಂಕೇತಾಕ್ಷರಗಳಿವೆ: ತಂದೆ ಎಫ್, ತಾಯಿ ಎಂ, ಸಹೋದರ ಬಿ, ಸಹೋದರಿ ಝಡ್, ಮಗ ಎಸ್, ಮಗಳು ಡಿ, ಗಂಡ ಎಚ್, ಹೆಂಡತಿ ಡಬ್ಲ್ಯು. ಎಸ್ ಮಗನಿಗೆ ಹೋದದ್ದರಿಂದ ಸಹೋದರಿಗೆ ಝಡ್ ಬಂತು. ತಾಯಿಯ ಸಹೋದರನ ಮಗಳು ಅಂದರೆ ಎಂಬಿಡಿ. ಟಿಪ್ಪಣಿಯಲ್ಲಿ ‘ಮಾವ’ ಎಂದು ಮಾತ್ರ ಬರೆಯಬೇಡಿ. ಆ ಒಂದು ಪದದಲ್ಲಿ ತಾಯಿಯ ಸಹೋದರ, ತಂದೆಯ ಸಹೋದರಿಯ ಗಂಡ, ಹೆಂಡತಿಯ ತಂದೆ ಮೂವರೂ ಬಂದು ಕೂತಿರುತ್ತಾರೆ. ಅಧ್ಯಯನದ ಜನ ಅವರನ್ನು ಬೇರ್ಪಡಿಸುತ್ತಾರೋ ಇಲ್ಲವೋ ಎಂಬುದೇ ಅಲ್ಲವೇ ನಮಗೆ ಬೇಕಾದ್ದು?

ಕೇಳುವ ಕ್ರಮ ಹೀಗಿರಲಿ. ಈಗೊವನ್ನು ಹೆತ್ತ ತಾಯಿಯಿಂದ ಶುರುಮಾಡಿ. ಅವಳಿಗೆ ಹುಟ್ಟಿದ ಮಕ್ಕಳೆಲ್ಲರನ್ನೂ, ಎಳವೆಯಲ್ಲಿ ತೀರಿಕೊಂಡವರನ್ನೂ ಸೇರಿಸಿ, ಕ್ರಮವಾಗಿ ಬರೆದುಕೊಳ್ಳಿ. ಬಳಿಕ ಅವಳ ಗಂಡ ಯಾರು, ಬೇರೆ ಮದುವೆಗಳಿದ್ದವೇ, ಆ ಮದುವೆಗಳಿಂದ ಮಕ್ಕಳಿದ್ದರೇ ಎಂದು ಕೇಳಿ. ಒಂದು ತಲೆಮಾರು ಪೂರ್ತಿಯಾಗದೆ ಮೇಲಿನದಕ್ಕೆ ಏರಬೇಡಿ. ತಂದೆಯ ಕಡೆಯಿಂದ ವಂಶ ಎಣಿಸುವ ಪಿತೃವಂಶೀಯ ಸಮಾಜದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮಕ್ಕಳಿಲ್ಲದೆ ಸತ್ತವರು ಮಾತಿನಲ್ಲಿ ತಾವಾಗಿ ಬರುವುದಿಲ್ಲ, ಕೇಳಿಯೇ ತೆಗೆಯಬೇಕು. ಅದೇ ಕುಟುಂಬವನ್ನು ಇನ್ನೊಬ್ಬರಿಂದ, ಸಾಧ್ಯವಾದರೆ ಒಬ್ಬ ಹೆಂಗಸಿನಿಂದ, ಮತ್ತೆ ಕೇಳಿ. ಎರಡೂ ಹೇಳಿಕೆಗಳು ಹೊಂದದಿದ್ದರೆ ಒಂದನ್ನು ಅಳಿಸದೆ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ.

ಯಾಕೆಂದರೆ ವಂಶಾವಳಿ ಜನನ ದಾಖಲೆಯಲ್ಲ. ನೈಜೀರಿಯಾದ ಟಿವ್ ಜನರ ವಂಶಾವಳಿಗಳನ್ನು ಬ್ರಿಟಿಷ್ ಅಧಿಕಾರಿಗಳು ಬರೆಸಿಟ್ಟಿದ್ದರು. ಸುಮಾರು 40 ವರ್ಷಗಳ ನಂತರ ಅವನ್ನು ತೆಗೆದು ನೋಡಿದಾಗ ಟಿವ್ ಜನ ಅವು ತಪ್ಪು ಎಂದರು. ಗುಂಪುಗಳ ನಡುವಿನ ಸಂಬಂಧ ಅಷ್ಟರಲ್ಲಿ ಬದಲಾಗಿತ್ತು, ಪೂರ್ವಜರ ಪಟ್ಟಿಯೂ ಅದಕ್ಕೆ ತಕ್ಕಂತೆ ಸರಿದಿತ್ತು. 1952ರಲ್ಲಿ ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ ತೋರಿಸಿದ್ದು ಇದನ್ನೇ: ವಂಶಾವಳಿ ಇಂದಿನ ಹಕ್ಕುಗಳಿಗೆ ಸನ್ನದು. ಆದ್ದರಿಂದ ಮೇಲಿನ ತಲೆಮಾರುಗಳನ್ನು ಇತಿಹಾಸವೆಂದು ನಂಬುವ ಮೊದಲು, ಆ ಪೂರ್ವಜನ ಹೆಸರಿನಲ್ಲಿ ಇಂದು ಯಾವ ಜಮೀನು, ಯಾವ ಅಧಿಕಾರ ನಿಂತಿದೆ ಎಂದು ನೋಡಿ.

‘ತಂದೆ’ ಎಂಬ ಜಾಗದಲ್ಲಿ ಎರಡು ಖಾನೆ ಇಡಲೇಬೇಕು: ಹುಟ್ಟಿಸಿದ ಜನಕ ಯಾರು, ಸಮಾಜ ಒಪ್ಪಿದ ಪಿತೃ ಯಾರು. ರಿವರ್ಸ್ ಮುಂದೆ ನೀಲಗಿರಿಯ ತೋಡರ ನಡುವೆ ಕೆಲಸ ಮಾಡಿದಾಗ ಇದು ನಿಚ್ಚಳವಾಯಿತು. ಅಲ್ಲಿ ಅಣ್ಣತಮ್ಮಂದಿರು ಒಬ್ಬಳನ್ನೇ ಮದುವೆಯಾಗುವ ರೂಢಿ ಇತ್ತು. ಬಸುರಿನ ಏಳನೆಯ ತಿಂಗಳ ಸುಮಾರಿಗೆ ಬಿಲ್ಲು-ಬಾಣ ಕೊಡುವ ಶಾಸ್ತ್ರ ನಡೆಸಿದವನೇ ಆ ಮಗುವಿಗೆ ತಂದೆ. ಇನ್ನೊಬ್ಬ ಅದೇ ಶಾಸ್ತ್ರ ಮಾಡುವವರೆಗೆ ಮುಂದಿನ ಮಕ್ಕಳಿಗೂ ಅವನೇ. ದಕ್ಷಿಣ ಸುಡಾನಿನ ನುಯೆರ್ ಜನರಲ್ಲಂತೂ ಸತ್ತವನ ಹೆಸರಿನಲ್ಲಿ ಬಂಧುವೊಬ್ಬ ಮದುವೆಯಾಗುತ್ತಾನೆ, ಹುಟ್ಟುವ ಮಕ್ಕಳು ಸತ್ತವನ ಮಕ್ಕಳು. ಜನಕನಿಗೆ ಚುಕ್ಕೆಗೆರೆ, ಪಿತೃವಿಗೆ ಗಟ್ಟಿಗೆರೆ ಎಳೆಯಿರಿ. ದತ್ತು ಮಕ್ಕಳಿಗೂ ಹಾಗೆಯೇ. ಆದರೆ ದತ್ತು ವಿಷಯವನ್ನು ನಾಲ್ಕು ಜನರ ಎದುರು ಕೇಳಬೇಡಿ, ಒಬ್ಬರಿಂದ ಕೇಳಿ ಬರೆದ ನಕ್ಷೆಯನ್ನು ಇನ್ನೊಬ್ಬರಿಗೆ ತೋರಿಸಲೂಬೇಡಿ.

ಜನರೆಲ್ಲ ಹಾಳೆಗೆ ಬಂದ ಮೇಲೆ ಮಾತ್ರ ಸಂಬಂಧಸೂಚಕ ಪದಗಳನ್ನು ಸಂಗ್ರಹಿಸಿ. ನಕ್ಷೆಯ ಮೇಲೆ ಒಂದು ಪಾರದರ್ಶಕ ಹಾಳೆ ಹಾಸಿ, ಪ್ರತಿ ಗುರುತಿನ ಬಳಿ ಈಗೊ ಬಳಸುವ ಪದ ಬರೆಯಿರಿ. ಎದುರಿಗೆ ಕೂಗುವ ಪದ ಬೇರೆ, ಮೂರನೆಯವರ ಮುಂದೆ ಹೇಳುವ ಪದ ಬೇರೆ; ವರ್ಗೀಕರಣಕ್ಕೆ ಬೇಕಾದ್ದು ಎರಡನೆಯದು. ಗಂಡು ಈಗೊ, ಹೆಣ್ಣು ಈಗೊ ಇಬ್ಬರಿಂದಲೂ ಕೇಳಿ.

ಈಗ ಒಡಹುಟ್ಟಿದವರ, ಕಸಿನ್‌ಗಳ ಪದಗಳನ್ನು ಹೋಲಿಸಿ. ತಂದೆಯ ಸಹೋದರನ, ತಾಯಿಯ ಸಹೋದರಿಯ ಮಕ್ಕಳು ಪ್ಯಾರಲಲ್ ಕಸಿನ್. ತಂದೆಯ ಸಹೋದರಿಯ, ತಾಯಿಯ ಸಹೋದರನ ಮಕ್ಕಳು ಕ್ರಾಸ್ ಕಸಿನ್. ಎಲ್ಲರಿಗೂ ಒಡಹುಟ್ಟಿದವರ ಪದವೇ ಆದರೆ ಹವಾಯಿ ಮಾದರಿ. ಒಡಹುಟ್ಟಿದವರು ಬೇರೆ, ಕಸಿನ್‌ಗಳೆಲ್ಲ ಒಂದು ಎಂದಾದರೆ ಎಸ್ಕಿಮೊ ಮಾದರಿ. ಪ್ರತಿಯೊಂದಕ್ಕೂ ಪ್ರತ್ಯೇಕ ಪದವಿದ್ದರೆ ಸುಡಾನ್ ಮಾದರಿ. ತಂದೆಯ ಸಹೋದರಿಗೂ ಅವಳ ಮಗಳಿಗೂ ಒಂದೇ ಪದವಿದ್ದರೆ ಕ್ರೋ ಮಾದರಿಯ ಕಡೆ ನೋಡಿ. ತಾಯಿಯ ಸಹೋದರನಿಗೂ ಅವನ ಮಗನಿಗೂ ಒಂದೇ ಆದರೆ ಒಮಾಹಾ ಮಾದರಿ.

ಎಡವುವುದು ಇರೋಕ್ವಾ ಮತ್ತು ದ್ರಾವಿಡ ಮಾದರಿಗಳ ನಡುವೆ. ಎರಡರಲ್ಲೂ ಪ್ಯಾರಲಲ್ ಕಸಿನ್‌ಗಳು ಒಡಹುಟ್ಟಿದವರಂತೆ, ಕ್ರಾಸ್ ಕಸಿನ್‌ಗಳು ಬೇರೆ. ಮೊದಲ ಸುತ್ತಿನ ಕಸಿನ್‌ಗಳನ್ನಷ್ಟೇ ಕೇಳಿ ನಿಲ್ಲಿಸಿದರೆ ವ್ಯತ್ಯಾಸ ಕಾಣುವುದೇ ಇಲ್ಲ. ತಂದೆಯ ತಂದೆಯ ಸಹೋದರಿಯ ಮಗನ ಮಕ್ಕಳನ್ನು ಏನೆನ್ನುತ್ತಾರೆ ಎಂದು ಕೇಳಿ. ಇರೋಕ್ವಾದಲ್ಲಿ ಆ ಮಗ ‘ತಂದೆ’ಯ ಸಾಲಿಗೆ ಸೇರುವುದರಿಂದ ಅವನ ಮಕ್ಕಳು ಒಡಹುಟ್ಟಿದವರು. ದ್ರಾವಿಡದಲ್ಲಿ ಅವನು ತಾಯಿಯ ಸಹೋದರನ ಸಾಲಿನವನು, ಮಕ್ಕಳು ಕ್ರಾಸ್ ಕಸಿನ್‌ಗಳು.

ಸಿದ್ಧಾಂತದ ಸರದಿ ಕೊನೆಗೆ. ನಕ್ಷೆಯ ಲಂಬ ಗೆರೆಗಳ ಮೇಲೆ ಬೆರಳಿಟ್ಟು ಆಸ್ತಿ, ಕುಲದೇವತೆ, ಜಗಳದಲ್ಲಿ ಪಕ್ಷ ಯಾವ ಗೆರೆಯಲ್ಲಿ ಇಳಿಯುತ್ತವೆ ಎಂದು ಗುರುತಿಸಿದರೆ ರ‍್ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್, ಫೋರ್ಟಿಸ್‌ರ ವಂಶ ಸಿದ್ಧಾಂತದ ಕೆಲಸ ಮಾಡುತ್ತಿದ್ದೀರಿ. ಸಮ ಚಿಹ್ನೆಗಳನ್ನು ಮಾತ್ರ ನೋಡಿ, ಯಾವ ಗುಂಪು ಯಾವ ಗುಂಪಿಗೆ ಹೆಣ್ಣು ಕೊಟ್ಟಿದೆ ಎಂದು ಬಾಣ ಹಾಕುತ್ತ ಹೋದರೆ ಅದು 1949ರಲ್ಲಿ ಲೆವಿ-ಸ್ಟ್ರಾಸ್ ಮಂಡಿಸಿದ ಮೈತ್ರಿ ಸಿದ್ಧಾಂತ. ಎರಡು ಗುಂಪುಗಳ ನಡುವೆ ಬಾಣಗಳು ಹೋಗಿಬಂದರೆ ಸೀಮಿತ ವಿನಿಮಯ. ಎ ಗುಂಪು ಬಿಗೆ, ಬಿ ಗುಂಪು ಸಿಗೆ ಕೊಟ್ಟು ಹಿಂದಿರುಗಿ ಪಡೆಯದಿದ್ದರೆ ಸಾಮಾನ್ಯೀಕೃತ ವಿನಿಮಯ. ಬರ್ಮಾದ ಕಚಿನ್‌ರಲ್ಲಿ ಎಡ್ಮಂಡ್ ಲೀಚ್ ಕಂಡಂತೆ ಹೆಣ್ಣು ಕೊಡುವವರು ಪಡೆಯುವವರಿಗಿಂತ ಮೇಲು. ಆದರೆ ನಿಯಮ ಹೇಳುವವರು ಬೇರೆ, ಪಾಲಿಸುವವರು ಬೇರೆ. ನಕ್ಷೆಯಲ್ಲಿ ಎಷ್ಟು ಮದುವೆಗಳು ನಿಜಕ್ಕೂ ಆ ದಿಕ್ಕಿನಲ್ಲಿ ನಡೆದಿವೆ ಎಂದು ಎಣಿಸಿಯೇ ಮುಂದುವರಿಯಿರಿ.

ಎರಡೂ ಓದು ಮುಗಿದ ಮೇಲೆ ಮಾನವಶಾಸ್ತ್ರಜ್ಞ ಡೇವಿಡ್ ಶ್ನೈಡರ್ 1984ರಲ್ಲಿ ಎತ್ತಿದ ಆಕ್ಷೇಪಣೆಯನ್ನು ನಕ್ಷೆಗೆ ಒಡ್ಡಿ: ಹುಟ್ಟಿನ ಸಂಬಂಧವೇ ಬಂಧುತ್ವದ ಬುನಾದಿ ಎಂಬುದು ಸಂಶೋಧಕರ ಸಂಸ್ಕೃತಿಯ ಊಹೆಯಾಗಿರಬಹುದು. ಮಲೇಷ್ಯಾದ ಲಂಗ್ಕಾವಿಯಲ್ಲಿ ಜ್ಯಾನೆಟ್ ಕಾರ್ಸ್ಟನ್ ಕಂಡಂತೆ, ಒಂದೇ ಮನೆಯಲ್ಲಿದ್ದು ಒಂದೇ ಒಲೆಯ ಅನ್ನ ಉಂಡವರೂ ಬಂಧುಗಳಾಗುತ್ತಾರೆ. ಹಾಗಾಗಿ ಎರಡನೆಯ ಪಾರದರ್ಶಕ ಹಾಳೆಯಲ್ಲಿ ಯಾರು ಯಾರೊಂದಿಗೆ ಉಣ್ಣುತ್ತಾರೆ, ಮಲಗುತ್ತಾರೆ, ಯಾರ ಆರೈಕೆಯಲ್ಲಿ ಬೆಳೆದರು ಎಂಬುದನ್ನು ಗೆರೆ ಎಳೆಯದೆ ಬರಿಯ ಬಣ್ಣದಲ್ಲಿ ಸುತ್ತುಹಾಕಿ. ಆ ಸುತ್ತು ಗಟ್ಟಿಗೆರೆಗಳನ್ನು ಎಲ್ಲೆಲ್ಲಿ ದಾಟುತ್ತದೋ ಅಲ್ಲೆಲ್ಲ ಮುಂದಿನ ಸುತ್ತಿನ ಪ್ರಶ್ನೆಗಳಿವೆ.