ಎರಡೇ ನಡೆಯಲ್ಲಿ ಚೆಕ್‌ಮೇಟ್: ಇಬ್ಬರೂ ಕೂತು ಬಿಡಿಸಿ

ಚದುರಂಗದ ಒಗಟನ್ನು ಒಬ್ಬರೇ ಬಿಡಿಸಲು ಕೂತಾಗ, ಎದುರಾಳಿಯೂ ನಮಗೆ ಅನುಕೂಲವಾಗುವ ಹಾಗೇ ಆಡುತ್ತಾನೆ ಎಂದುಕೊಂಡುಬಿಡುತ್ತೇವೆ. ತಮ್ಮನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಳ್ಳಿ. ಒಬ್ಬರು ಬಿಳಿಯ ನಡೆ ಹುಡುಕಲಿ, ಇನ್ನೊಬ್ಬರು ಕಪ್ಪು ರಾಜನನ್ನು ಹೇಗಾದರೂ ಉಳಿಸಲು ನೋಡಲಿ. ಮೊಬೈಲ್ ದೂರವಿರಲಿ.

ಇದಕ್ಕೆ ಹೇಳಿ ಮಾಡಿಸಿದ ಒಗಟು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಚದುರಂಗ ಆಟಗಾರ ಪಾಲ್ ಮಾರ್ಫಿಯದು. 1837ರಲ್ಲಿ ಹುಟ್ಟಿದ ಆತನ ಹೆಸರಿನಲ್ಲಿ ಇದು 1856ರಲ್ಲಿ ಅಚ್ಚಾಯಿತು. ಬೋರ್ಡಿನ ಮೇಲಿರುವುದು ಏಳೇ ಕಾಯಿ. ಮನೆಗಳ ಹೆಸರು ಹೀಗೆ: ಬಿಳಿಯವರ ಎಡದಿಂದ ಬಲಕ್ಕೆ ಎ ಇಂದ ಎಚ್‌ವರೆಗೆ ಕಂಬಸಾಲು, ಅವರ ಕಡೆಯಿಂದ ಮುಂದಕ್ಕೆ 1ರಿಂದ 8ರವರೆಗೆ ಅಡ್ಡಸಾಲು.

ಬಿಳಿ: ರಾಜ ಸಿ8, ಆನೆ ಎ1, ಕಾಲಾಳು ಬಿ6.
ಕಪ್ಪು: ರಾಜ ಎ8, ಒಂಟೆ ಬಿ8, ಕಾಲಾಳುಗಳು ಎ7, ಬಿ7.

ಸರದಿ ಬಿಳಿಯದು; ತನ್ನ ಎರಡನೇ ನಡೆಗೆ ಮೇಟ್ ಮಾಡಬೇಕು.

ಕಾಯಿ ಮುಟ್ಟುವ ಮೊದಲು, ಕಪ್ಪಿನವರು ತಮಗೆ ಯಾವ್ಯಾವ ನಡೆ ಉಂಟು ಎಂದು ಬಾಯಿಬಿಟ್ಟು ಹೇಳಲಿ. ಈ ಹಂತವನ್ನು ದಯವಿಟ್ಟು ಬಿಡಬೇಡಿ, ಉತ್ತರ ಸಿಗುವುದೇ ಇಲ್ಲಿ. ರಾಜ ಅಲ್ಲಾಡುವಂತಿಲ್ಲ. ಬಿ7ರ ಕಾಲಾಳಿಗೆ ಬಿಳಿಯ ಕಾಲಾಳು ಅಡ್ಡ. ಎ7ರದು ಬಿ6ನ್ನು ಹೊಡೆಯಲು ಹೋದರೆ ಆನೆಯ ಚೆಕ್ ನೇರ ರಾಜನಿಗೆ ಬೀಳುತ್ತದೆ, ಹಾಗಾಗಿ ಅದೂ ಆಗದು. ಉಳಿದದ್ದು ಒಂಟೆಯ ಓಡಾಟ, ಇಲ್ಲವೇ ಎ7ರ ಕಾಲಾಳು ಎ6 ಅಥವಾ ಎ5ಕ್ಕೆ ಹೋಗುವುದು.

ಈಗ ಬಿಳಿ. ಮೊದಲು ಕೈ ಹೋಗುವುದು ಎ7ರ ಮೇಲೆ. ಆನೆ ಅಲ್ಲಿ ಹೊಡೆದರೆ ಒಂಟೆ ಅದನ್ನು ಹೊಡೆದುಹಾಕುತ್ತದೆ, ಮುಂದಿನ ನಡೆಗೆ ಮೇಟ್ ಇಲ್ಲ. ಆದರೆ ಈ ಸೋಲಿನಿಂದ ಒಂದು ಸುಳಿವು ಸಿಕ್ಕಿತು: ಎ7ನ್ನು ಕಾಯುತ್ತಿರುವುದು ಒಂಟೆ. ಅದು ಬಿ8 ಬಿಟ್ಟು ಕದಲಿದರೆ ಆನೆ ಎ7ರಲ್ಲಿ ಹೊಡೆದು ಮೇಟ್ ಮಾಡುತ್ತದೆ. ಆನೆಗೆ ಬಿ6ರ ಕಾಲಾಳಿನ ಬೆಂಬಲವಿದೆ, ಬಿ8ನ್ನು ಬಿಳಿಯ ರಾಜ ಕಾಯುತ್ತಾನೆ.

ಹಾಗಾದರೆ ಆನೆಯನ್ನು ಎ2ಕ್ಕೆ ಸರಿಸಿ ಸುಮ್ಮನೆ ಕಾದರೆ? ಎದುರು ಕೂತವರು ಎ7ರ ಕಾಲಾಳನ್ನು ಎ6ಕ್ಕೆ ನೂಕಿ ಬಚಾವಾಗುತ್ತಾರೆ. ಅಂದರೆ ಆ ಕಾಲಾಳಿನ ದಾರಿಯನ್ನೂ ಮುಚ್ಚಬೇಕು.

ಆನೆ ಎ6!

ಕಾಲಾಳಿನ ಬಾಯಿಗೇ ಆನೆಯನ್ನು ಕೊಟ್ಟಂತೆ ಕಾಣುತ್ತದೆ. ಕೊಡಲಿ ಬಿಡಿ. ಬಿ7ರ ಕಾಲಾಳು ಆನೆಯನ್ನು ಹೊಡೆದರೆ ಬಿಳಿಯ ಕಾಲಾಳು ಬಿ7ಕ್ಕೆ ಕಾಲಿಟ್ಟು ಮೇಟ್. ರಾಜ ಅದನ್ನು ಹೊಡೆಯಲಾರ, ಪಕ್ಕದ ಸಿ8ರಲ್ಲಿ ಬಿಳಿಯ ರಾಜನೇ ನಿಂತಿದ್ದಾನೆ. ಒಂಟೆ ಎಲ್ಲಿಗೆ ಹೋದರೂ ಆನೆ ಎ7ರಲ್ಲಿ ಮೇಟ್. ಬೇರೆ ನಡೆಯೇ ಇಲ್ಲ.

ಈ ಒಗಟಿನ ಸೊಗಸು ನನಗೆ ಕಾಣುವುದು ಇಲ್ಲಿ: ಆನೆ ಎ6ಕ್ಕೆ ಬಂದು ಚೆಕ್ಕನ್ನೂ ಕೊಡುವುದಿಲ್ಲ, ಬೇರೆ ಬೆದರಿಕೆಯನ್ನೂ ಒಡ್ಡುವುದಿಲ್ಲ. ಸರದಿ ಬಿಟ್ಟುಕೊಡುವ ಅವಕಾಶವಿದ್ದಿದ್ದರೆ ಕಪ್ಪು ಉಳಿಯುತ್ತಿತ್ತು. ಆಡಲೇಬೇಕಾಗಿ ಬಂದದ್ದಕ್ಕೇ ಸೋಲುತ್ತದೆ. ಆಟಗಾರರು ಇದನ್ನು ಜುಗ್‌ಜ್ವಾಂಗ್ ಎನ್ನುತ್ತಾರೆ.

ಈಗ ಬಣ್ಣ ಬದಲಿಸಿಕೊಳ್ಳಿ. ಒಂಟೆಯನ್ನು ಸಿ7, ಡಿ6, ಇ5, ಎಫ್4, ಜಿ3, ಎಚ್2 ಹೀಗೆ ಒಂದೊಂದೇ ಮನೆಗೆ ಕಳಿಸಿ, ಪ್ರತಿ ಸಲವೂ ಮೇಟ್ ಆಗುತ್ತದೆಯೇ ಎಂದು ಕಾಯಿ ನಡೆಸಿಯೇ ನೋಡಿ. ಆಮೇಲೆ ಆನೆಯನ್ನು ಎ6ರ ಬದಲು ಎ5ಕ್ಕೆ ಇಟ್ಟು, ಕಪ್ಪು ತಪ್ಪಿಸಿಕೊಳ್ಳುವ ದಾರಿಯನ್ನು ಎದುರು ಕೂತವರಿಂದಲೇ ಹೇಳಿಸಿ.