ಪದವಿ ದಿನದ ಫೋಟೊ: ಮೊದಲು ದಣಿಯುವವರಿಂದ ಶುರು ಮಾಡಿ

ನಾಲ್ಕು ವರ್ಷದ ಹಿಂದೆ ಮಗನ ಗ್ರಾಜುಯೇಷನ್ ಡೇ ಮುಗಿಸಿ ಮನೆಗೆ ಬಂದು ಫೋನು ನೋಡಿದೆ. ಮುನ್ನೂರಕ್ಕೂ ಜಾಸ್ತಿ ಫೋಟೊ ಇದ್ದವು. ವೇದಿಕೆಯ ಹೂವು, ಸಾಲು ಕುರ್ಚಿ, ಗೆಳೆಯರೆಲ್ಲ ಟೋಪಿ ಮೇಲಕ್ಕೆಸೆದದ್ದು, ಎಲ್ಲ ಇತ್ತು. ಗೌನ್ ತೊಟ್ಟ ಮೊಮ್ಮಗನ ಪಕ್ಕ ಅಜ್ಜಿ ನಿಂತ ಫೋಟೊ ಒಂದೂ ಇರಲಿಲ್ಲ. ಅವರು ಜಗಳೂರಿನಿಂದ ನಮ್ಮೂರು ದಾವಣಗೆರೆಗೆ ಬೆಳಗಿನ ಬಸ್ಸಿಗೆ ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಬಿಸಿಲಿಗೆ ಸೋತು ಆಟೊದಲ್ಲಿ ಹೋಗಿ ಕೂತಿದ್ದರು. ‘ಆಮೇಲೆ ತೆಗೆದರಾಯಿತು’ ಅಂದುಕೊಂಡೆವು. ಅಷ್ಟರಲ್ಲಿ ಗೌನ್ ವಾಪಸ್ ಕೊಡಿ ಎಂದು ಮೈಕಿನಲ್ಲಿ ಕೂಗಿದರು. ನಮ್ಮ ಯಜಮಾನರೂ ಯಾವ ಫೋಟೊದಲ್ಲೂ ಇಲ್ಲ. ಇಡೀ ದಿನ ಕ್ಯಾಮೆರಾ ಹಿಡಿದವರು ಅವರೇ.

ಕಳೆದ ವರ್ಷ ಮಗಳ ಸರದಿ ಬಂತು. ಆಗ ಎಲ್ಲವನ್ನೂ ಮೊದಲೇ ಕೂತು ಬರೆದೆವು. ಗೌನ್, ವೇದಿಕೆ, ಹಾರ ಇವುಗಳಿಂದ ಲೆಕ್ಕ ಹಾಕಲಿಲ್ಲ. ಮನೆಯಲ್ಲಿ ಯಾರು ಮೊದಲು ದಣಿಯುತ್ತಾರೋ ಅವರಿಂದ ಹಾಕಿದೆವು. ಈ ವರ್ಷ ನಿಮ್ಮ ಮನೆಯಲ್ಲಿ ಯಾರಾದರೂ ಪದವಿ ಪಡೆಯುತ್ತಿದ್ದರೆ ನೀವೂ ಹೀಗೆ ಮಾಡಿ ನೋಡಿ.

ಹದಿನೈದು ದಿನ ಮೊದಲು: ಕಾಲೇಜಿನಲ್ಲಿ ವಿಚಾರಿಸಿ

ಮೊದಲು, ನಡೆಯುವುದು ವಿಶ್ವವಿದ್ಯಾಲಯದ ಘಟಿಕೋತ್ಸವವೋ, ಕಾಲೇಜಿನ ಗ್ರಾಜುಯೇಷನ್ ಡೇಯೋ ತಿಳಿದುಕೊಳ್ಳಿ. ಎರಡೂ ಬೇರೆ ಬೇರೆ. ರಾಜ್ಯ ಸರ್ಕಾರದ ಹೆಚ್ಚಿನ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರು ಕುಲಾಧಿಪತಿಗಳು. ಅವರು ಬರುವ ದಿನ ಭದ್ರತೆ ಬಿಗಿಯಾಗಿರುತ್ತದೆ. ಬಹಳ ಬೇಗ ಒಳಗೆ ಹೋಗಿ ಕೂರಬೇಕು. ವೇದಿಕೆಗೆ ಸಾಮಾನ್ಯವಾಗಿ ಚಿನ್ನದ ಪದಕದವರನ್ನು, ಪಿಎಚ್‌.ಡಿ. ಪಡೆದವರನ್ನು ಕರೆಯುತ್ತಾರೆ. ಕಾಲೇಜಿನ ಕಾರ್ಯಕ್ರಮವಾದರೆ ಹೆಚ್ಚಿನ ಕಡೆ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾರೆ.

ಆಮೇಲೆ ಇಷ್ಟು ಕೇಳಿ. ಒಬ್ಬ ವಿದ್ಯಾರ್ಥಿಗೆ ಎಷ್ಟು ಪಾಸು? ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ? ಬ್ಯಾಗು, ನೀರಿನ ಬಾಟಲಿ ಒಳಗೆ ಬಿಡುತ್ತಾರಾ? ಗೌನ್ ಯಾವಾಗ ಕೊಡುತ್ತಾರೆ, ಯಾವಾಗ ವಾಪಸ್ ಕೇಳುತ್ತಾರೆ? ಈ ಕೊನೆಯ ಪ್ರಶ್ನೆ ಮರೆಯಲೇಬೇಡಿ. ಉಳಿದ ಯೋಜನೆಯೆಲ್ಲ ನಿಂತಿರುವುದು ಅದರ ಮೇಲೆ.

ಹಿಂದಿನ ಸಂಜೆ: ನಿಜವಾದ ಫೋಟೊ ಅವತ್ತೇ

ಕೆಲವು ಕಾಲೇಜುಗಳಲ್ಲಿ ರಿಹರ್ಸಲ್ ದಿನವೇ ಗೌನ್ ಕೈಗೆ ಸಿಗುತ್ತದೆ. ಸಿಕ್ಕರೆ ಅದೇ ನಿಮ್ಮ ಅದೃಷ್ಟ. ಅವತ್ತು ಸಂಜೆ ಐದರ ಸುಮಾರಿಗೆ ಅಜ್ಜ ಅಜ್ಜಿಯನ್ನು ಮನೆ ಮುಂದಿನ ಕಟ್ಟೆಯ ಮೇಲೆ ಕೂರಿಸಿ. ಗೌನ್ ತೊಟ್ಟ ಮಗಳು ಪಕ್ಕದಲ್ಲಿ ಕೂರಲಿ. ನಾವು ಹಾಗೇ ಮಾಡಿದೆವು. ಅಜ್ಜಿ ತಮ್ಮ ಇಳಕಲ್ ಸೀರೆ ಉಟ್ಟು, ಆ ಟೋಪಿಯನ್ನು ಒಮ್ಮೆ ತಾವೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆ ಕ್ಷಣದ ಫೋಟೊ ನಮ್ಮ ಮನೆಯಲ್ಲಿ ಈಗ ಎಲ್ಲಕ್ಕಿಂತ ಮೇಲಿದೆ. ಕಾಲೇಜಿನ ಗದ್ದಲದಲ್ಲಿ ಅದು ಸಿಗುತ್ತಿರಲಿಲ್ಲ. ಯಾರಿಗೂ ಅವಸರ ಇರಲಿಲ್ಲ, ಸಂಜೆ ಬಿಸಿಲೂ ಮೆತ್ತಗಿತ್ತು.

ಹಿರಿಯರಿಗೆ ದೂರ ಪ್ರಯಾಣ ಆಗದಿದ್ದರೆ ಮರುದಿನ ಅವರನ್ನು ಕರೆದೊಯ್ಯಲೇಬೇಕು ಅಂತೇನಿಲ್ಲ. ಎಷ್ಟೋ ಕಾಲೇಜುಗಳು ಕಾರ್ಯಕ್ರಮವನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸುತ್ತವೆ. ಮನೆಯ ಟಿ.ವಿ.ಯಲ್ಲಿ ಹಾಕಿಕೊಡಿ, ಜೊತೆಗೆ ಒಬ್ಬರು ಇರಿ.

ಗೌನ್ ಅದೇ ದಿನ ಕೊಡುವುದಾದರೆ ಕೈಗೆ ಬಂದ ಮೊದಲ ಅರ್ಧ ಗಂಟೆಯನ್ನು ಫೋಟೊಗೇ ಎತ್ತಿಡಿ. ಕಾರ್ಯಕ್ರಮ ಮುಗಿದ ಮೇಲೆ ಅನ್ನುವ ಮಾತು ಬೇಡ. ಮುಗಿದ ಮೇಲೆ ಮಕ್ಕಳು ಗೆಳೆಯರ ಕಡೆ ಓಡುತ್ತಾರೆ. ಓಡಲಿ, ಅದು ಅವರ ದಿನ ಅಲ್ವಾ?

ಪಟ್ಟಿ ಬರೆಯುವುದು

ಯಾರ ಜೊತೆ ಯಾರು ನಿಲ್ಲಬೇಕು ಎಂದು ಹೆಸರು ಹಿಡಿದು ಬರೆಯಿರಿ. ಸುಮ್ನೆ ‘ಫ್ಯಾಮಿಲಿ ಫೋಟೊ’ ಅಂದರೆ ಸಾಲದು. ಮಗಳು ಮತ್ತು ಅಜ್ಜಿ. ಮಗಳು, ಅಪ್ಪ, ಅಮ್ಮ. ಅಣ್ಣ ತಂಗಿ ಇಬ್ಬರೇ. ಸೋದರಮಾವನ ಮನೆಯವರು. ದೊಡ್ಡಪ್ಪ ದೊಡ್ಡಮ್ಮ. ಒಂದು ಗುಂಪು ನಿಂತು, ಸೆರಗು ಸರಿಮಾಡಿಕೊಂಡು, ಮೂರು ಸಲ ತೆಗೆಸಿಕೊಳ್ಳಲು ಎರಡು ನಿಮಿಷ ಬೇಕು. ಹತ್ತು ಗುಂಪಾದರೆ ಇಪ್ಪತ್ತು ನಿಮಿಷ. ಅದಕ್ಕಿಂತ ಜಾಸ್ತಿಯಾದರೆ ಎಲ್ಲರ ಮುಖ ಬಾಡುತ್ತದೆ, ಹತ್ತಕ್ಕೇ ನಿಲ್ಲಿಸಿ.

ವಯಸ್ಸಾದವರು, ಕೈಗೂಸು ಇರುವವರು ಪಟ್ಟಿಯ ಮೊದಲಿಗೆ ಬರಲಿ. ಗೆಳೆಯರು ಕೊನೆಗೆ. ಪಟ್ಟಿ ಪದವಿ ಪಡೆಯುವವರ ಕೈಯಲ್ಲಿ ಇರಬಾರದು. ದೊಡ್ಡ ದನಿಯ, ಎಲ್ಲ ನೆಂಟರ ಗುರುತಿರುವ ಒಬ್ಬರಿಗೆ ಕೊಡಿ. ನಮ್ಮಲ್ಲಿ ಅಣ್ಣನ ಮಗ ಇದನ್ನು ಹೊತ್ತುಕೊಂಡ. ಫೋಟೊ ತೆಗೆಯಲು ಇಬ್ಬರಿರಲಿ, ಅರ್ಧದಲ್ಲಿ ಅದಲು ಬದಲಾಗಲಿ. ಆಗ ತೆಗೆಯುವವರೂ ಚಿತ್ರದಲ್ಲಿ ಬರುತ್ತಾರೆ.

ಬೆಳಕು, ಜಾಗ

ನಮ್ಮೂರಿನ ಹನ್ನೆರಡರ ಬಿಸಿಲಿಗೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಕಣ್ಣೂ ಕಿರಿದಾಗುತ್ತದೆ. ನೆರಳು ಹುಡುಕಿ. ಹೊಂಗೆ, ಬೇವಿನ ಮರದ ಕೆಳಗಾದರೆ ಎಲೆ ಸಂದಿಯ ಬಿಸಿಲು ಮುಖದ ಮೇಲೆ ಚುಕ್ಕಿಯಾಗಿ ಬೀಳುತ್ತದೆಯಾ ನೋಡಿ. ಬಿದ್ದರೆ ಎರಡು ಹೆಜ್ಜೆ ಸರಿಯಿರಿ. ಆಗಸ್ಟ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಕಾಲೇಜು ಕಟ್ಟಡದ ಉತ್ತರದ ಗೋಡೆ ಬದಿ ಒಳ್ಳೆ ಸಮನಾದ ನೆರಳು ಸಿಗುತ್ತದೆ. ಎಲ್ಲರೂ ಗೋಡೆಗೆ ಬೆನ್ನು ಮಾಡಿ ಬಯಲ ಕಡೆ ನೋಡಲಿ.

ಕಪ್ಪು ಗೌನ್ ಪಕ್ಕ ಅಪ್ಪನ ಬಿಳಿ ಪಂಚೆ ಬಂದರೆ ಫೋನಿಗೆ ಗೊಂದಲ. ಗೌನ್ ನೋಡಿ ಬೆಳಕು ಹೆಚ್ಚಿಸಿದರೆ ಪಂಚೆ ಬರೀ ಬಿಳಿ ಗುಡ್ಡೆಯಾಗುತ್ತದೆ. ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಹೆಚ್ಚಿನ ಫೋನುಗಳಲ್ಲಿ ಬೆಳಕೂ ಫೋಕಸ್ಸೂ ಅಲ್ಲೇ ನಿಲ್ಲುತ್ತವೆ. ದೊಡ್ಡ ಗುಂಪಾದರೆ ಕ್ಯಾಮೆರಾದ 0.5 ಜೂಮ್ ಬೇಡ. ಅದರಲ್ಲಿ ಅಂಚಿನವರ ಮುಖ ಎಳೆದಂತೆ ಅಗಲವಾಗುತ್ತದೆ. 1ಕ್ಕೇ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ. ಕಣ್ಣು ಮುಚ್ಚುವವರಿದ್ದರೆ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ಮೂರು ಎಣಿಸಿದ ಕೂಡಲೇ ತೆರೆಯಲಿ, ಆಗ ತೆಗೆಯಿರಿ. ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿದ್ದೀರಾ? ಇಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ.

ಕುಂದವಾಡ ಕೆರೆ, ಅದರ ಹತ್ತಿರದ ಗಾಜಿನ ಮನೆ ನಮ್ಮೂರಿನ ಚೆಂದದ ಜಾಗಗಳು. ಆದರೆ ಗೌನ್ ಕೈಬಿಟ್ಟ ಮೇಲೆ ಹೋಗಿ ಏನು ಮಾಡುತ್ತೀರಿ? ವಾಪಸ್ ಕೊಡುವ ಹೊತ್ತು ನೋಡಿ ತೀರ್ಮಾನಿಸಿ. ಚಿತ್ರದುರ್ಗದವರಿಗೆ ಕೋಟೆಯ ಆಸೆ ಇರುತ್ತದೆ. ಏಳು ಸುತ್ತಿನ ಕೋಟೆ ಮೊಣಕಾಲು ನೋವಿನವರಿಗೆ ಕಷ್ಟ. ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ, ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಕೋಟೆಗೆ ಬೇರೆ ದಿನ ಇಟ್ಟುಕೊಳ್ಳಿ, ಓಡಾಡಬಲ್ಲವರು ಮಾತ್ರ ಹೋಗಿ.

ಹೋಗುವುದು, ಕಾಯುವುದು

ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಆವರಣ ಇರುವುದು ಊರ ಹೊರಗಿನ ತೋಳಹುಣಸೆಯಲ್ಲಿ. ಅಲ್ಲಿಗೆ ಹೋಗುವವರು ವಾಪಸ್ ಬರುವ ಗಾಡಿಯನ್ನೂ ಮೊದಲೇ ಗೊತ್ತು ಮಾಡಿ. ಮುಗಿದ ಕೂಡಲೇ ಎಲ್ಲರೂ ಆಟೊಗೆ ಮುಗಿಬೀಳುತ್ತಾರೆ. ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ನೆಂಟರು ಹಿಂದಿನ ರಾತ್ರಿಯೇ ಬಂದು ಉಳಿದರೆ ಒಳ್ಳೆಯದು. ದಾರಿಗೆ ಕಾಲು ಗಂಟೆ ಜಾಸ್ತಿ ಹಿಡಿಯಿರಿ.

ಪಾಸು ಎರಡೇ, ಬಂದವರು ಆರು ಜನ. ಇದು ಎಲ್ಲ ಮನೆಯ ಕಥೆ. ಒಳಗೆ ಯಾರು ಹೋಗಬೇಕು ಎಂಬುದನ್ನು ಮನೆಯಲ್ಲೇ ಮಾತಾಡಿ ಮುಗಿಸಿ, ಗೇಟಿನ ಮುಂದೆ ಬೇಡ. ಹೊರಗೆ ಉಳಿಯುವವರಿಗೆ ನೆರಳು, ಕುಡಿಯುವ ನೀರು, ಶೌಚಾಲಯ ಎಲ್ಲಿದೆ ಎಂದು ಮಗ ಅಥವಾ ಮಗಳು ಮೊದಲೇ ನೋಡಿಟ್ಟಿರಲಿ. ಸೇರುವ ಜಾಗವನ್ನೂ ಗೊತ್ತು ಮಾಡಿ. ಜನ ತುಂಬಿದರೆ ಫೋನು ಸಿಗುವುದಿಲ್ಲ.

ಬಿ.ಪಿ., ಶುಗರ್ ಮಾತ್ರೆ ಕೈಚೀಲದಲ್ಲಿರಲಿ. ಭಾಷಣಗಳು ಮುಗಿಯಲು ಎರಡು ಗಂಟೆಯಾದರೂ ಆಗಬಹುದು. ಬಾಳೆಹಣ್ಣು, ಬಿಸ್ಕತ್ತು ಗಾಡಿಯಲ್ಲಿಟ್ಟಿರಿ. ನೆಂಟರಿಗೆ ಬೆಣ್ಣೆ ದೋಸೆ ತಿನ್ನಿಸದೆ ಕಳಿಸುವುದಕ್ಕಾಗುತ್ತದಾ? ತಿನ್ನಿಸಿ, ಆದರೆ ಗೌನ್ ವಾಪಸ್ ಕೊಟ್ಟ ಮೇಲೆ. ಬೆಣ್ಣೆ ಕಲೆಯಾದರೆ ಠೇವಣಿಯಲ್ಲಿ ಹಿಡಿದುಕೊಳ್ಳಬಹುದು.

ಸಭಾಂಗಣದಲ್ಲಿ

ಒಬ್ಬರು ವಿಡಿಯೊ, ಇನ್ನೊಬ್ಬರು ಬರೀ ಕಣ್ಣಿನಿಂದ ನೋಡಲಿ. ವೇದಿಕೆಯ ಫೋಟೊವನ್ನು ಕಾಲೇಜಿನ ಫೋಟೊಗ್ರಾಫರ್ ಹೇಗೂ ತೆಗೆಯುತ್ತಾರೆ.

ಆಮೇಲೆ

ಪ್ರಮಾಣಪತ್ರ ಹಿಡಿದ ಫೋಟೊ ಸ್ಟೇಟಸ್‌ಗೆ ಹಾಕುವ ಮುನ್ನ ರಿಜಿಸ್ಟರ್ ನಂಬರ್ ಕಾಣದಂತೆ ಮುಚ್ಚಿ. ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ವಿದೇಶಕ್ಕೆಂದು ದೃಢೀಕರಣ ಮಾಡಿಸುವಾಗ ತೊಂದರೆಯಾಗಬಹುದು. ಪ್ಲಾಸ್ಟಿಕ್ ಫೋಲ್ಡರ್ ಸಾಕು.

ಅವತ್ತು ರಾತ್ರಿಯೇ ಎಲ್ಲರ ಫೋನಿನ ಫೋಟೊಗಳನ್ನು ಒಂದೆಡೆ ಸೇರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಹಾಗೇ ಕಳಿಸಿದರೆ ಫೋಟೊ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿ, ಇಲ್ಲವೇ ಗೂಗಲ್ ಡ್ರೈವ್‌ಗೆ ಹಾಕಿ. 4x6 ಇಂಚಿನ ಪ್ರಿಂಟಿಗೆ 1200x1800 ಪಿಕ್ಸೆಲ್ ಸಾಕು, ಗೋಡೆಗೆ ಹಾಕುವ ದೊಡ್ಡದಕ್ಕೆ ಮೂಲ ಫೋಟೊವೇ ಬೇಕು. ಹತ್ತು ಫೋಟೊ ಆರಿಸಿ, ಆ ವಾರವೇ ಸ್ಟುಡಿಯೊಗೆ ಕೊಡಿ. ಅಜ್ಜಿಯ ಪ್ರತಿಯ ಹಿಂದೆ ಎಲ್ಲರ ಹೆಸರು, ತಾರೀಖನ್ನು ಮಾರ್ಕರ್‌ನಲ್ಲಿ ಹಗುರವಾಗಿ ಬರೆದು ಒಣಗಲು ಬಿಡಿ. ಬಾಲ್‌ಪೆನ್ನಲ್ಲಿ ಒತ್ತಿ ಬರೆದರೆ ಮುಂದಿನ ಬದಿಯಲ್ಲಿ ಗೀರು ಮೂಡುತ್ತದೆ.