ಬೇವಿನೆಲೆಯ ಸಾರದಿಂದ ಬೆಳ್ಳಿಯ ನ್ಯಾನೋಕಣ: ತಯಾರಿಸುವ ಮತ್ತು ಪರೀಕ್ಷಿಸುವ ಕ್ರಮ

ಬೇವಿನೆಲೆಯ ಸಾರವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದಾಗ ಎಲೆಯಲ್ಲಿರುವ ಫ್ಲೇವನಾಯ್ಡ್, ಟರ್ಪಿನಾಯ್ಡ್ ಮೊದಲಾದ ಸಂಯುಕ್ತಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಒದಗಿಸಿ ಅವನ್ನು ಲೋಹವಾಗಿಸುತ್ತವೆ. ಹಾಗೆ ಹುಟ್ಟಿದ ನ್ಯಾನೋಕಣಗಳ, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಚಿಕ್ಕ ಕಣಗಳ, ಮೈಗೆ ಸಾರದ ಅಂಶಗಳೇ ಅಂಟಿಕೊಂಡು, ಕಣಗಳು ಮುದ್ದೆಗಟ್ಟದಂತೆ ತಡೆಯುತ್ತವೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು 2004ರಲ್ಲಿಯೇ ಬೇವಿನಿಂದ ಬೆಳ್ಳಿ ಮತ್ತು ಚಿನ್ನದ ಕಣಗಳನ್ನು ತಯಾರಿಸಿದ್ದರು. ಇದು ಕಾಲೇಜಿನ ಪ್ರಯೋಗಾಲಯದಲ್ಲಿ, ಮಾರ್ಗದರ್ಶಕರ ಸಮ್ಮುಖದಲ್ಲಿ ಮಾಡಬೇಕಾದ ಕೆಲಸವೇ ಹೊರತು ಅಡುಗೆಮನೆಯದಲ್ಲ.

ಮೊದಲ ಎಚ್ಚರಿಕೆ ನೀರಿನದು. ನಲ್ಲಿ ನೀರಿನ ಕ್ಲೋರೈಡ್ ಬೆಳ್ಳಿಯೊಡನೆ ಸೇರಿ ಬಿಳಿಯ ಸಿಲ್ವರ್ ಕ್ಲೋರೈಡ್ ಆಗಿ ಕೂರುವುದರಿಂದ, ಗಾಜಿನ ಪಾತ್ರೆಗಳ ಕೊನೆಯ ತೊಳೆತವೂ ಸೇರಿ ಎಲ್ಲಕ್ಕೂ ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು. ಚೆನ್ನಾಗಿ ತೊಳೆದು ಹೆಚ್ಚಿದ 10 ಗ್ರಾಂ ಎಲೆಯನ್ನು 100 ಮಿಲಿಲೀಟರ್ ನೀರಿನಲ್ಲಿ ಸುಮಾರು 10 ನಿಮಿಷ ಕುದಿಸಿ, ಆರಿಸಿ, ಸೋಸು ಕಾಗದದಲ್ಲಿ ಸೋಸಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಈ ಸಾರ ಬೇಗ ಕೆಡುತ್ತದೆ, ವಾರದೊಳಗೆ ಬಳಸಿಬಿಡಬೇಕು.

ಒಂದು ಮಿಲಿಮೋಲಾರ್ (ಲೀಟರಿಗೆ ಮೋಲ್‌ನ ಸಾವಿರದಲ್ಲೊಂದು ಭಾಗ) ದ್ರಾವಣಕ್ಕೆ 100 ಮಿಲಿಲೀಟರ್ ನೀರಿಗೆ 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಸಾಕು. ಇದು ಚರ್ಮವನ್ನು ಕಪ್ಪಾಗಿಸುತ್ತದೆ, ಕಣ್ಣಿಗೆ ತಗುಲಿದರೆ ತೀವ್ರ ಹಾನಿ ಮಾಡುತ್ತದೆ. ಕೈಗವಸು ಮತ್ತು ಸುರಕ್ಷತಾ ಕನ್ನಡಕ ಕಡ್ಡಾಯ. ಬೆಳಕಿಗೂ ಬೆಳ್ಳಿಯ ಅಯಾನುಗಳು ಅಪಕರ್ಷಣೆ ಹೊಂದುವುದರಿಂದ (ಎಲೆಕ್ಟ್ರಾನ್ ಪಡೆದು ಲೋಹವಾಗುವುದರಿಂದ) ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಈ ದ್ರಾವಣದ 90 ಮಿಲಿಲೀಟರ್‌ಗೆ 10 ಮಿಲಿಲೀಟರ್ ಸಾರವನ್ನು ಕಲಕುತ್ತಾ ನಿಧಾನವಾಗಿ ಸೇರಿಸಬೇಕು. ತಿಳಿಹಳದಿ ಮಿಶ್ರಣ ಕೆಲವು ಗಂಟೆಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿ ಮಾಡಿದರೆ ಇನ್ನೂ ಬೇಗ.

ಬಹಳಷ್ಟು ವಿದ್ಯಾರ್ಥಿಗಳು ಇಲ್ಲಿಗೇ ಕೆಲಸ ಮುಗಿಯಿತೆಂದು ತಿಳಿಯುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಎಲೆಯ ಸಾರವೂ ಇಟ್ಟಲ್ಲಿಯೇ ಕಂದಾಗುತ್ತದೆಯಾದ್ದರಿಂದ ಬರಿಯ ಬಣ್ಣ ಸಾಕ್ಷಿಯಾಗದು. ಯಾವ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆಂದು ಅಳೆಯುವ ಯುವಿ-ವಿಸಿಬಲ್ ರೋಹಿತಮಾಪಕದಲ್ಲಿ, ಅಷ್ಟೇ ಪ್ರಮಾಣದಲ್ಲಿ ನೀರು ಬೆರೆಸಿದ ಸಾರವನ್ನು ಹೋಲಿಕೆಗಿಟ್ಟು ನೋಡಿದಾಗ 400ರಿಂದ 450 ನ್ಯಾನೋಮೀಟರ್ ನಡುವೆ ಶಿಖರವೊಂದು ಕಾಣಬೇಕು. ಶಿಖರ ಅಗಲವಾಗಿ ಬಲಕ್ಕೆ ಸರಿದಿದ್ದರೆ ಕಣಗಳು ದೊಡ್ಡದಾಗಿವೆ ಅಥವಾ ಮುದ್ದೆಗಟ್ಟಿವೆ ಎಂದು ಶಂಕಿಸಬೇಕು. ಗಾತ್ರ, ಆಕಾರಗಳನ್ನು ನಿಶ್ಚಯವಾಗಿ ಹೇಳಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೇ ಬೇಕು.

ಬಳಿಕ ದ್ರಾವಣವನ್ನು ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸುವ ಯಂತ್ರ) ನಿಮಿಷಕ್ಕೆ 12,000 ಸುತ್ತಿನಂತೆ 20 ನಿಮಿಷ ತಿರುಗಿಸಿ, ಮೇಲಿನ ನೀರನ್ನು ಬೇರೆ ಮಾಡಿ, ತಳದ ಕಣಗಳನ್ನು ಮೂರು ಬಾರಿ ತೊಳೆಯಬೇಕು. ಕೊನೆಯ ತೊಳೆನೀರನ್ನು ಎಸೆಯಬಾರದು, ಏಕೆಂದರೆ ಮುಂದಿನ ಪರೀಕ್ಷೆಯ ನಂಬಿಕೆಯೆಲ್ಲ ಅದರ ಮೇಲೆ ನಿಂತಿದೆ.

ಬ್ಯಾಕ್ಟೀರಿಯಾ ನಾಶಕ ಗುಣವನ್ನು ಸೂಕ್ತ ಜೈವಿಕ ಸುರಕ್ಷತೆಯಿರುವ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಮಾತ್ರ ನೋಡಬೇಕು. ಮುಲ್ಲರ್-ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ) ತಟ್ಟೆಯ ಮೇಲೆ 0.5 ಮ್ಯಾಕ್‌ಫರ್ಲಂಡ್ (ದ್ರವದ ಮಸುಕಿನಿಂದ ಬ್ಯಾಕ್ಟೀರಿಯಾ ಸಂಖ್ಯೆಯನ್ನು ಅಂದಾಜಿಸುವ ಮಾನ) ಸಾಂದ್ರತೆಯ ಈ. ಕೋಲೈ ಬ್ಯಾಕ್ಟೀರಿಯಾವನ್ನು ಹರಡಿ, 6 ಮಿಲಿಮೀಟರ್ ಕುಳಿಗಳನ್ನು ಕೊರೆದು, 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡುವುದು ರೂಢಿ. ಒಂದು ಕುಳಿಗೆ ಕಣಗಳನ್ನು ಹಾಕಿದರೆ ಉಳಿದವಕ್ಕೆ ಬರಿಯ ಸಾರ, ಅಷ್ಟೇ ಬೆಳ್ಳಿಯಿರುವ ಸಿಲ್ವರ್ ನೈಟ್ರೇಟ್, ಕೊನೆಯ ತೊಳೆನೀರು, ಬಟ್ಟಿ ಇಳಿಸಿದ ನೀರು ಮತ್ತು ಪರಿಚಿತ ಪ್ರತಿಜೀವಕವೊಂದನ್ನು ಹಾಕಲೇಬೇಕು. ಬೆಳ್ಳಿಯ ಅಯಾನುಗಳೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ, ತೊಳೆನೀರಿನ ಸುತ್ತಲೂ ಬೆಳವಣಿಗೆಯಿಲ್ಲದ ವಲಯ ಕಂಡರೆ ಕಣಗಳಿಗೆ ಕೊಟ್ಟ ಶ್ರೇಯಸ್ಸು ಉಳಿಕೆ ಅಯಾನುಗಳದ್ದಿರಬಹುದು. ಆಗ ಮತ್ತೆ ತೊಳೆದು ಪರೀಕ್ಷಿಸಬೇಕು. ಕಣಗಳು ಅಗರ್‌ನೊಳಗೆ ಅಯಾನುಗಳಷ್ಟು ಸುಲಭವಾಗಿ ಹರಡುವುದಿಲ್ಲವಾದ್ದರಿಂದ ವಲಯದ ಅಗಲವನ್ನೇ ಶಕ್ತಿಯ ಅಳತೆಯೆಂದು ಭಾವಿಸದೆ, ದ್ರವ ಮಾಧ್ಯಮದಲ್ಲಿ ಹಂತಹಂತವಾಗಿ ತೆಳುಗೊಳಿಸಿ ಕನಿಷ್ಠ ಪ್ರತಿಬಂಧಕ ಸಾಂದ್ರತೆಯನ್ನು, ಅಂದರೆ ಬೆಳವಣಿಗೆಯನ್ನು ತಡೆಯಬಲ್ಲ ಅತಿ ಕಡಿಮೆ ಸಾಂದ್ರತೆಯನ್ನು, ಕಂಡುಕೊಳ್ಳುವುದು ಮೇಲು. ಪ್ರತಿ ಪರೀಕ್ಷೆಯನ್ನೂ ಕನಿಷ್ಠ ಮೂರು ಸಲ ಮಾಡಿ.

ಬಳಸಿದ ತಟ್ಟೆಗಳನ್ನು ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ) 121 ಡಿಗ್ರಿಯಲ್ಲಿ 30 ನಿಮಿಷ ಇಟ್ಟ ಮೇಲೆಯೇ ವಿಲೇವಾರಿ ಮಾಡಬೇಕು. ಬೆಳ್ಳಿ ಮೀನಿಗೂ ಇತರ ಜಲಚರಗಳಿಗೂ ವಿಷವಾದ್ದರಿಂದ ಉಳಿದ ದ್ರಾವಣವನ್ನು ಒಂದು ಹನಿಯೂ ಚರಂಡಿಗೆ ಹೋಗದಂತೆ ಪ್ರತ್ಯೇಕ ಬಾಟಲಿಯಲ್ಲಿ ಸಂಗ್ರಹಿಸಿ, ಹೆಸರು ಮತ್ತು ದಿನಾಂಕ ಬರೆದು, ಅಪಾಯಕಾರಿ ತ್ಯಾಜ್ಯವೆಂದು ಒಪ್ಪಿಸಬೇಕು.